ಏಳನೇ ನಂಬರಿನವನ ಪಗಾರ

2018ರ ಜನವರಿಯಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್ ಒಂದು ವಿಡಿಯೋ ಬಿಟ್ಟಿತು. ಕೆಂಪು ಜೆರ್ಸಿ ತೊಟ್ಟ ಅಲೆಕ್ಸಿಸ್ ಸ್ಯಾಂಚೆಸ್ ಪಿಯಾನೋ ಮುಂದೆ ಕೂತು ಕ್ಲಬ್ಬಿನ ಹಾಡು ನುಡಿಸುತ್ತಿದ್ದ. ನಮ್ಮಂಥ ಅಭಿಮಾನಿಗಳಿಗೆ ಅದು ಹಬ್ಬ. ಹಿಂದಿನ ಸೀಸನ್ನಿನಲ್ಲಿ ಆರ್ಸೆನಲ್ ಪರ ಎಲ್ಲ ಟೂರ್ನಿ ಸೇರಿ 30 ಗೋಲು ಹೊಡೆದವನು ಈ ಚಿಲಿಯ ಆಟಗಾರ. ಕೈಬಿಟ್ಟುಹೋದ ಚೆಂಡಿನ ಹಿಂದೆಯೂ ಓಡುವವನು. ಕ್ಯಾಂಟೋನಾ, ಬೆಕಮ್, ರೊನಾಲ್ಡೊ ತೊಟ್ಟಿದ್ದ ಏಳನೇ ನಂಬರಿನ ಜೆರ್ಸಿ ಅವನಿಗೆ ಸಿಕ್ಕಿತು.

ಆಮೇಲಿನ ಲೆಕ್ಕ ಚಿಕ್ಕದು: 45 ಪಂದ್ಯ, 5 ಗೋಲು. ಇಡೀ ಪ್ರೀಮಿಯರ್ ಲೀಗಿನಲ್ಲೇ ಅತಿ ಹೆಚ್ಚು ಸಂಬಳ ಪಡೆಯುವವರ ಸಾಲಿನಲ್ಲಿದ್ದವನ ಲೆಕ್ಕ ಇದು.

ಆಗ ಪುಣೆಯಲ್ಲಿ ಭಾನುವಾರ ರಾತ್ರಿ ಗೆಳೆಯರೆಲ್ಲ ಸೇರಿ ಮ್ಯಾಚ್ ನೋಡುತ್ತಿದ್ದೆವು. ಸುಲಭದ ಪಾಸೊಂದು ತಪ್ಪಿದರೆ ಸಾಕು, "ವಾರಕ್ಕೆ ಅಷ್ಟು ಪೌಂಡ್ ಎಣಿಸ್ಕೊಂಡು ಇದಾ ಆಟ?" ಎಂದು ನಾನು ಶುರು ಮಾಡುತ್ತಿದ್ದೆ. ಫುಟ್‌ಬಾಲ್ ಗೊತ್ತಿಲ್ಲದ, ಬರೀ ಊಟಕ್ಕೆ ಬರುತ್ತಿದ್ದ ಹುಬ್ಬಳ್ಳಿಯ ಗೆಳೆಯ ಒಮ್ಮೆ ಕೇಳಿದ: "ಅವನ ಪಗಾರ ನಿನ್ನ ಕಿಸೇದಿಂದ ಹೋಗ್ತದೇನೋ?"

ಪ್ರಶ್ನೆ ನ್ಯಾಯವಾದದ್ದೇ. ಆ ಪಗಾರ ಹೇಗೆ ನಿಗದಿಯಾಯಿತು ಎಂಬುದು ಬೇರೆಯೇ ಕಥೆ. ಆರ್ಸೆನಲ್ ಜೊತೆ ಅವನ ಕರಾರು ಮುಗಿಯಲು ಆರೇ ತಿಂಗಳಿತ್ತು. ಮ್ಯಾಂಚೆಸ್ಟರ್ ಸಿಟಿಯೂ ಅವನ ಮೇಲೆ ಕಣ್ಣಿಟ್ಟಿತ್ತು. ಯುನೈಟೆಡ್ ತನ್ನ ಮಿಖಿತಾರ್ಯನ್‌ನನ್ನು ಕೊಟ್ಟು ಇವನನ್ನು ಪಡೆಯಿತು. ಹಾಗಾಗಿ ಟ್ರಾನ್ಸ್‌ಫರ್ ಶುಲ್ಕ ಉಳಿಯಿತು, ಸಂಬಳ ಆಕಾಶಕ್ಕೇರಿತು. ಅಂದರೆ ಆ ಮೊತ್ತದಲ್ಲಿ ಇದ್ದದ್ದು ಹಿಂದೆ ಹೊಡೆದ ಗೋಲುಗಳ ಬೆಲೆ, ಜೊತೆಗೆ ಎದುರಾಳಿಗೆ ಸಿಗಬಾರದೆಂಬ ಹಟದ ಬೆಲೆ. ಮುಂದೆ ಹೊಡೆಯಬೇಕಾದ ಗೋಲಿಗೆ ಯಾರೂ ಗ್ಯಾರಂಟಿ ಬರೆದುಕೊಟ್ಟಿರಲಿಲ್ಲ.

ನಮ್ಮ ಐಟಿಯಲ್ಲೂ ಇದನ್ನು ನೋಡಿದ್ದೇನೆ. ದೊಡ್ಡ ಪ್ಯಾಕೇಜಿಗೆ ಹೊರಗಿನಿಂದ ಒಬ್ಬರು ಬರುತ್ತಾರೆ. ಸಂಬಳ ಗುಟ್ಟೆಂದು ಹೆಸರಿಗೆ ಮಾತ್ರ, ವಾರದೊಳಗೆ ಇಡೀ ಫ್ಲೋರಿಗೆ ಗೊತ್ತು. ಬೇರೆಯವರ ಕೋಡಿನಲ್ಲಿ ಬಗ್ ಬಂದರೆ ಅದು ಬಗ್, ಅವರದ್ದರಲ್ಲಿ ಬಂದರೆ ಪ್ಯಾಕೇಜಿನ ಮಾತು. ಆಫರ್ ಲೆಟರಿಗೆ ಸಹಿ ಹಾಕಿದವರನ್ನು ಮಾತ್ರ ಯಾರೂ ಕೇಳುವುದಿಲ್ಲ.

ಸ್ಯಾಂಚೆಸ್‌ಗೂ ಅದೇ ಆಯಿತು. ಫಾರ್ಮ್ ಹೋಯಿತು, ಗಾಯಗಳಾದವು, ಆ ಸಂಬಳ ಹೊರುವ ಇನ್ನೊಂದು ಕ್ಲಬ್ ಸಿಗಲಿಲ್ಲ. 2019ರಲ್ಲಿ ಇಟಲಿಯ ಇಂಟರ್ ಕ್ಲಬ್ಬಿಗೆ ಎರವಲು ಹೋದ. ಆಗಲೂ ಸಂಬಳದಲ್ಲಿ ಒಂದು ಪಾಲು ಯುನೈಟೆಡ್‌ನದೇ. ಮರುವರ್ಷ ಅವನನ್ನು ಪುಕ್ಕಟೆಯಾಗಿ ಬಿಟ್ಟುಕೊಟ್ಟರು. ಮೊದಲ ದಿನದ ತರಬೇತಿ ಮುಗಿಸಿ ಬಂದವನೇ, ಆರ್ಸೆನಲ್‌ಗೆ ವಾಪಸ್ ಹೋಗಲು ಸಾಧ್ಯವೇ ಎಂದು ಏಜೆಂಟನನ್ನು ಕೇಳಿದ್ದಾಗಿ ಅವನೇ ಆಮೇಲೆ ಹೇಳಿಕೊಂಡ. ಆ ಮಾತು ಕೇಳಿ ನನಗೆ ಸಿಟ್ಟೂ ಬಂತು, ಅಯ್ಯೋ ಅಂತಲೂ ಅನಿಸಿತು.

ಇಂಟರ್ 2021ರಲ್ಲಿ ಇಟಲಿಯ ಲೀಗ್ ಗೆದ್ದಾಗ ಅವನು ಆ ತಂಡದಲ್ಲಿದ್ದ. 2022ರ ಜನವರಿಯಲ್ಲಿ ಯುವೆಂಟಸ್ ವಿರುದ್ಧದ ಸೂಪರ್ ಕಪ್ ಪಂದ್ಯದಲ್ಲಿ, ಹೆಚ್ಚುವರಿ ಸಮಯವೂ ಮುಗಿಯುತ್ತಿದ್ದ ಕ್ಷಣದಲ್ಲಿ ಗೆಲುವಿನ ಗೋಲು ಹೊಡೆದ. ಅಂದಮೇಲೆ ಕಾಲಿನಲ್ಲಿ ಆಟ ಇನ್ನೂ ಇತ್ತು.

ಹಾಗೆಂದು ಅಭಿಮಾನಿ ಬಾಯಿ ಮುಚ್ಚಿಕೊಂಡಿರಬೇಕೇ? ಇಲ್ಲ. ಪಗಾರದ ಸಿಟ್ಟು ಸಹಿ ಹಾಕಿದ ಆಫೀಸಿಗೆ ಹೋಗಲಿ, ಓಡದೆ ನಿಂತ ಕಾಲಿನ ಸಿಟ್ಟು ಆಟಗಾರನಿಗೇ ಸಲ್ಲಲಿ. ಗೋಲು ಅದೃಷ್ಟ, ಓಟ ಕೆಲಸ. ಗೆಳೆಯನಿಗೆ ನನ್ನ ಉತ್ತರವೂ ಅದೇ: ಪಗಾರ ನನ್ನ ಕಿಸೆಯಿಂದ ಹೋಗುವುದಿಲ್ಲ, ನಿಜ. ವಾರವೆಲ್ಲ ಬೇರೆಯವರಿಗೆ ದುಡಿದು ಉಳಿಸಿಕೊಂಡ ಭಾನುವಾರದ ಎರಡು ಗಂಟೆ ಮಾತ್ರ ನನ್ನದು. ಅಷ್ಟಕ್ಕೆ ಲೆಕ್ಕ ಕೇಳುವ ಹಕ್ಕು ನನಗಿದೆ.