ಲಕ್ಕಮ್ಮನ ಅಳತೆ ಮತ್ತು ಇಂದಿನ ದಾಂಪತ್ಯ

ಹನ್ನೆರಡನೆಯ ಶತಮಾನದ ಶರಣ ದಂಪತಿಗಳಲ್ಲಿ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಹೆಸರು ಚಿರಪರಿಚಿತ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವರ ಕಾಯಕವಾಗಿತ್ತು. ಒಂದು ದಿನ ಮಾರಯ್ಯನವರು ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದರು. ಲಕ್ಕಮ್ಮನವರು ಆ ಹೆಚ್ಚಳವನ್ನು ಮನೆಗೆ ಸೇರಿಸಿಕೊಳ್ಳದೆ, ತಂದಲ್ಲಿಯೇ ಸುರಿದು ಬರುವಂತೆ ಪತಿಗೆ ತಿಳಿಸಿದರು. ಮಾರಯ್ಯನವರು ಹಾಗೆಯೇ ಮಾಡಿದರು.

ಈ ಪ್ರಸಂಗವನ್ನು ಸಂಗ್ರಹದ ಆಸೆಗೆ ಮದ್ದೆಂದು ವಿವರಿಸುವುದು ವಾಡಿಕೆ. ಆದರೆ ಲಕ್ಕಮ್ಮನವರು ಮಾತನಾಡಿದ ಸಮಯವನ್ನೂ ಗಮನಿಸಬೇಕು. ಅಕ್ಕಿ ಹೊಸ್ತಿಲಿಗೆ ಬಂದಾಗಲೇ ಅವರು ಹೇಳಿದರು. ಅನ್ನವಾಗಿ ಎಡೆಗೆ ಬಂದ ಮೇಲೆ ಪತಿಯ ಕೈ ಹಿಡಿಯಲಿಲ್ಲ. ದೇಹದ ತೂಕ ಇಳಿಸಲು ಹೆಣಗುವ ಸಂಗಾತಿಗೆ ನೆರವಾಗಬೇಕೆನ್ನುವವರಿಗೆ ಇಲ್ಲೊಂದು ದಾರಿಯಿದೆ.

ಇದು ಕೆಲವರ ಮನೆಯ ಮಾತಷ್ಟೇ ಅಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ಸುಮಾರು 30 ಪ್ರತಿಶತ ವಯಸ್ಕ ಸ್ತ್ರೀಪುರುಷರು ಅಧಿಕ ತೂಕದವರು. ಸೊಂಟದ ಸುತ್ತಳತೆ ಪುರುಷರಲ್ಲಿ 90, ಸ್ತ್ರೀಯರಲ್ಲಿ 80 ಸೆಂಟಿಮೀಟರ್ ದಾಟಿದರೆ ಎಚ್ಚರ ಅಗತ್ಯವೆಂದು ಭಾರತೀಯ ವೈದ್ಯರು ಹೇಳುತ್ತಾರೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೊಣಕಾಲು ನೋವು ಇದರ ಬೆನ್ನಿಗೇ ಬರುತ್ತವೆ.

ಚಿತ್ತಾಪುರ, ಸೇಡಂ, ಶಹಾಬಾದ ಸೀಮೆಯಲ್ಲಿ ಪ್ರೀತಿ ವ್ಯಕ್ತವಾಗುವುದೇ ಊಟದ ಮುಂದೆ. "ಇನ್ನೊಂದ್ ರೊಟ್ಟಿ ತಗೋರಿ" ಎಂಬ ಒತ್ತಾಯವಿಲ್ಲದೆ ಪಂಕ್ತಿ ಮುಗಿಯುವುದಿಲ್ಲ. ವಾಡಿಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದವನಿಗೆ ಮಿರ್ಚಿ ಭಜಿ, ಸುಸಲಾ ಇಡುವುದೂ ಅಕ್ಕರೆಯೇ. ಅವನು ತೂಕ ಇಳಿಸುವ ನಿಶ್ಚಯ ಮಾಡಿದಾಗ ಪತ್ನಿ ಆ ತಟ್ಟೆಯನ್ನು ಎಲ್ಲರೆದುರು ಕಸಿದರೆ ಅವನಿಗಾಗುವುದು ಅಪಮಾನ. ಅವನು ಹೊರಗೆ ಕದ್ದು ತಿನ್ನಲು ಕಲಿಯುತ್ತಾನೆ. ಅದರ ಬದಲು ಸಂತೆಯ ಚೀಟಿ ಬರೆಯುವಾಗಲೇ ಇಬ್ಬರೂ ಕುಳಿತು ಎಣ್ಣೆ, ಸಕ್ಕರೆ, ಫರಸಾಣಗಳನ್ನು ತಗ್ಗಿಸಿದರೆ ಊಟದ ಹೊತ್ತಿನಲ್ಲಿ ಜಗಳಕ್ಕೆ ಆಸ್ಪದವಿಲ್ಲ. ಜೋಳದ ರೊಟ್ಟಿ, ಪುಂಡಿಪಲ್ಯ, ತೊಗರಿಬೇಳೆ ಇರುವ ಸೀಮೆಗೆ ಹೊಸ ಆಹಾರ ತರಿಸಬೇಕಾಗಿಲ್ಲ, ಅಳತೆಯೊಂದಿದ್ದರೆ ಸಾಕು. ಶೇಂಗಾ ಹಿಂಡಿಯೂ ಒಂದು ಚಮಚಕ್ಕೆ ಹಿತ.

ಪ್ರಸಾದವನ್ನು ಚೆಲ್ಲಬಾರದೆಂಬುದು ಶರಣರ ನಿಷ್ಠೆ. ಇದನ್ನೇ ನೆಪ ಮಾಡಿ ಹೊಟ್ಟೆ ತುಂಬಿದವರಿಗೆ ಉಳಿದದ್ದನ್ನು ಉಣಿಸುವುದು ಸರಿಯಲ್ಲ. ಚೆಲ್ಲದಿರುವ ವ್ರತಕ್ಕೆ ಮೊದಲು ಬೇಕಾದುದು ಅಗತ್ಯವಿದ್ದಷ್ಟೇ ನೀಡಿಸಿಕೊಳ್ಳುವ ವಿವೇಕ.

ಲಕ್ಕಮ್ಮನವರು ಪತಿಗೊಂದು, ತಮಗೊಂದು ಅಳತೆ ಇಟ್ಟುಕೊಳ್ಳಲಿಲ್ಲ. ಈ ಸಮಾನತೆಗೆ ಇಂದಿನ ವಿಜ್ಞಾನವೂ ಸಾಕ್ಷಿ ನುಡಿಯುತ್ತದೆ. ಅಮೆರಿಕದ ಕನೆಕ್ಟಿಕಟ್ ವಿಶ್ವವಿದ್ಯಾಲಯದವರು 130 ಜೋಡಿಗಳನ್ನು ಆರು ತಿಂಗಳು ಗಮನಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಬ್ಬರು ತೂಕ ಇಳಿಸಲು ತೊಡಗಿದಾಗ ಯಾವ ಉಪಚಾರವನ್ನೂ ಪಡೆಯದ ಸಂಗಾತಿಗಳಲ್ಲಿಯೂ ಸುಮಾರು ಮೂರನೆಯ ಒಂದು ಭಾಗದವರು ತಮ್ಮ ತೂಕದ 3 ಪ್ರತಿಶತ ಅಥವಾ ಅದಕ್ಕಿಂತ ಹೆಚ್ಚು ಇಳಿಸಿಕೊಂಡಿದ್ದರು. ಒಂದೇ ಅಡುಗೆಮನೆಯಲ್ಲಿ ಒಬ್ಬರ ಅಭ್ಯಾಸ ಇನ್ನೊಬ್ಬರದಾಗುತ್ತದೆ.

ತೂಕ ಇಳಿಸಬೇಕಾದವಳು ಪತ್ನಿಯಾದರೆ ಪತಿಯ ಹೊಣೆ ಇನ್ನೂ ಹೆಚ್ಚು. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವವಳು ಮಿಕ್ಕಿದ್ದನ್ನೂ ತಾನೇ ಮುಗಿಸುತ್ತಾಳೆ. ಅವಳನ್ನು ಜೊತೆಗೆ ಕೂರಿಸಿಕೊಂಡು ಉಣ್ಣುವುದೇ ಮೊದಲ ಸಹಾಯ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಸೀಮೆಯಲ್ಲಿ ನಡಿಗೆಗೆ ಉಳಿದಿರುವುದು ನಸುಕಿನ ಹೊತ್ತು. ಅದೇ ಹೊತ್ತಿಗೆ ಅವಳು ಒಲೆಯ ಮುಂದಿರುತ್ತಾಳೆ. ಪತಿಯು ಚಹಾ ಕಾಯಿಸಿ, ಮಕ್ಕಳ ಡಬ್ಬಿ ಕಟ್ಟಿದರೆ ಮಾತ್ರ ಅವಳಿಗೆ ಅರ್ಧ ತಾಸು ದೊರೆತೀತು. "ನೀ ದಪ್ಪಾಗೀದಿ" ಎಂದು ನೆಂಟರೆದುರು ನಗುವುದರಿಂದ ಯಾರ ತೂಕವೂ ಇಳಿಯದು. ಲಕ್ಕಮ್ಮನವರು ತಿದ್ದಿದ್ದು ಒಂದು ದಿನದ ನಡೆಯನ್ನು, ಪತಿಯನ್ನು ಹೀನೈಸಲಿಲ್ಲ.

ಫಲ ನಿಧಾನವಾಗಿ ಬರುತ್ತದೆ. 80 ಕಿಲೋ ತೂಗುವವರು 4 ಕಿಲೋ ಇಳಿಸಿದರೂ ರಕ್ತದ ಸಕ್ಕರೆ ಮತ್ತು ಒತ್ತಡಗಳಿಗೆ ಒಳಿತಾಗುತ್ತದೆ. ಸಕ್ಕರೆ ಕಾಯಿಲೆಗೆ ಔಷಧ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ಬಿಡಬಾರದು. ತೂಕ ಒಂದು ತಿಂಗಳು ಕದಲದೆ ನಿಂತಾಗ, ಹಬ್ಬದಲ್ಲಿ ಹೋಳಿಗೆ ಹೆಚ್ಚಾದಾಗ ಲೆಕ್ಕ ಕೇಳದೆ, ಮರುದಿನ ನಸುಕಿನಲ್ಲಿ ಎಬ್ಬಿಸಿ ಜೊತೆಗೆ ನಡೆಯುವವರೇ ನಿಜವಾದ ಸತಿಪತಿಗಳು.