ವಸತಿ

ಕಳೆದ ಕಾರ್ತಿಕಮಾಸದ ಒಂದು ಸಂಜೆ ಲಿಂಗಪೂಜೆ ಮುಗಿಸಿ ಪಡಸಾಲೆಯಲ್ಲಿ ಕುಳಿತಿದ್ದಾಗ ಅಮೆರಿಕೆಯ ನ್ಯೂಜೆರ್ಸಿಯಲ್ಲಿರುವ ಮಗಳಿಂದ ದೂರವಾಣಿ ಬಂದಿತು. ಬರುವ ವೈಶಾಖಕ್ಕೆ ನಮ್ಮ ವಿವಾಹವಾಗಿ 40 ವರ್ಷ ತುಂಬುತ್ತವೆ. ಆ ಹೊತ್ತಿಗೆ ನಾವಿಬ್ಬರೂ ಅವಳ ಮನೆಯಲ್ಲಿ ಇರುವವರು. ಅದೇ ಸಂದರ್ಭದಲ್ಲಿ ನಮ್ಮನ್ನು ಕೆರಿಬಿಯನ್ ಸಮುದ್ರದ ಸೇಂಟ್ ಲೂಸಿಯಾ ದ್ವೀಪಕ್ಕೆ ಐದು ದಿನಗಳ ಮಟ್ಟಿಗೆ ಕಳುಹಿಸಬೇಕೆಂದು ಅವಳೂ ಅಳಿಯಂದಿರೂ ನಿಶ್ಚಯಿಸಿದ್ದರು. "ಅಪ್ಪಾ, ಮೂರು ಹೋಟೆಲ್ ನೋಡೇನಿ. ಚಿತ್ರ ಕಳಸ್ತೀನಿ. ಯಾವದು ಬೇಕು ಅಂತ ನೀವಿಬ್ರೂ ಕೂಡಿ ಆರಸ್ರಿ" ಎಂದಳು. 'ಕೂಡಿ' ಎಂಬ ಆ ಮಾತನ್ನು ನಾನು ಆಗ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ.

ನಾನು ಬೆಳಗಾವಿಯ ನಾಗನೂರು ಶ್ರೀ ರುದ್ರಾಕ್ಷಿಮಠದ ಪ್ರಸಾದನಿಲಯದಲ್ಲಿ ಉಂಡು ಓದಿದವನು. ನೆಲದ ಮೇಲೆ ಚಾಪೆ, ತಲೆಯ ಕೆಳಗೆ ಪುಸ್ತಕದ ಗಂಟು, ಸಾಲಿನಲ್ಲಿ ಕುಳಿತು ಪ್ರಸಾದ. ವಸತಿಯ ವಿಷಯದಲ್ಲಿ ನನ್ನ ಕಲ್ಪನೆ ಅಲ್ಲಿಂದ ಮುಂದೆ ಬೆಳೆದದ್ದೇ ಇಲ್ಲ. ಇದನ್ನು ನಾನು ಇಷ್ಟು ವರ್ಷ ನನ್ನದೊಂದು ಗುಣವೆಂದೇ ಎಣಿಸಿಕೊಂಡು ಬಂದಿದ್ದೆ.

ಮಗಳು ಕಳುಹಿಸಿದ ಚಿತ್ರಗಳನ್ನು ನೋಡಿದೆ. ಮೊದಲನೆಯದು ದ್ವೀಪದ ಉತ್ತರ ದಂಡೆಯ ಭಾರಿ ಹೋಟೆಲು. ಊಟ, ಉಪಾಹಾರ, ಮದ್ಯ, ಜಲಕ್ರೀಡೆ ಎಲ್ಲವೂ ಒಂದೇ ದರದೊಳಗೆ. ಎರಡನೆಯದು ನೈಋತ್ಯದ ಸೂಫ್ರಿಯೇರ್ ಎಂಬ ಊರಿನ ಬಳಿ ಗುಡ್ಡದ ಮೈಗೆ ಅಂಟಿಕೊಂಡ ವಿಲಾಸಗೃಹ. ಕೋಣೆಗೆ ಮೂರೇ ಗೋಡೆ. ನಾಲ್ಕನೆಯ ಗೋಡೆಯ ಬದಲು ಬಯಲು, ಸ್ವಂತದೊಂದು ಈಜುಕೊಳ, ಎದುರಿಗೆ ಸಮುದ್ರದಿಂದ ಎದ್ದು ನಿಂತ ಪಿಟನ್ ಶಿಖರಗಳು. ಆ ಶಿಖರಗಳನ್ನು 2004ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದೆ. ಅಲ್ಲಿಯ ಒಂದು ರಾತ್ರಿಯ ಬಾಡಿಗೆ ನನ್ನ ಒಂದು ತಿಂಗಳ ನಿವೃತ್ತಿವೇತನಕ್ಕಿಂತ ಹೆಚ್ಚು. ತೆರಿಗೆ, ಸೇವಾಶುಲ್ಕ ಬೇರೆ. ಮೂರನೆಯದು ಚಿಕ್ಕ ಅತಿಥಿಗೃಹ. ಎರಡು ಹಾಸಿಗೆ, ಒಂದು ಮೇಜು, ಮೂಲೆಯಲ್ಲಿ ಅಡಿಗೆಯ ಕಟ್ಟೆ, ಒಲೆ, ಪಾತ್ರೆಗಳು. ದರವೂ ಅಲ್ಪ.

ನಾನು ತಡಮಾಡಲಿಲ್ಲ. ಮೂರನೆಯದೇ ಸಾಕೆಂದು ಮಗಳಿಗೆ ತಿಳಿಸಿಬಿಟ್ಟೆ. ಹಣ ಉಳಿಯಿತು, ಸರಳತೆ ಉಳಿಯಿತು, ಶಾಕಾಹಾರದ ತೊಡಕೂ ಪರಿಹಾರವಾಯಿತೆಂದು ಮನೆಯವರಿಗೆ ವಿವರಿಸಿದೆ. ಅವರು ಚಿತ್ರವನ್ನು ಬಹಳ ಹೊತ್ತು ನೋಡಿ, "ಚಲೋ ಆತು" ಎಂದಷ್ಟೇ ಹೇಳಿ ಒಳಗೆ ಹೋದರು.

ಮರುದಿನ ಖಾನಾಪುರದ ಕಡೆಯ ಶಾಲೆಯೊಂದರ ಮಕ್ಕಳು ಹಲಸಿಗೆ ಬಂದಿದ್ದರು. ಪ್ರವಾಸಕ್ಕೆ ಬಂದ ಮಕ್ಕಳಿಗೆ ಊರು ತೋರಿಸುವ ಕೆಲಸ ಸಾಮಾನ್ಯವಾಗಿ ನನ್ನ ಪಾಲಿಗೇ ಬರುತ್ತದೆ. ಭೂವರಾಹ ನರಸಿಂಹ ದೇವಾಲಯದಲ್ಲಿ ಎದುರುಬದುರಾಗಿರುವ ಎರಡು ಗರ್ಭಗೃಹಗಳನ್ನು ತೋರಿಸಿದೆ. ಆಮೇಲೆ ಹಳೆಯ ಬಸದಿಯ ಮುಂದೆ ಮಕ್ಕಳನ್ನು ಕೂರಿಸಿ ಹೇಳಿದೆ: ಈ ಊರು ಅಂದಿನ ಪಲಾಸಿಕಾ, ಬನವಾಸಿಯ ಕದಂಬರಿಗೆ ಎರಡನೆಯ ರಾಜಧಾನಿಯಂತಿದ್ದ ನಗರ. ಮೃಗೇಶವರ್ಮನು ತನ್ನ ತಂದೆಯ ನೆನಪಿಗೆ ಇಲ್ಲಿ ಜಿನಾಲಯ ಕಟ್ಟಿಸಿದನು. ಅವನ ಮಗ ರವಿವರ್ಮನ ತಾಮ್ರಪಟವೊಂದು, ಒಂದು ಗ್ರಾಮದ ಆದಾಯದಿಂದ ಪ್ರತಿವರ್ಷ ಎಂಟು ದಿನ ಜಿನೇಂದ್ರನ ಉತ್ಸವ ನಡೆಯಬೇಕು, ಮಳೆಗಾಲದ ನಾಲ್ಕು ತಿಂಗಳು ಯತಿಗಳಿಗೆ ಆಹಾರ ಸಲ್ಲಬೇಕು ಎಂದು ವಿಧಿಸುತ್ತದೆ. 'ಬಸದಿ' ಎಂಬ ಮಾತೇ ಸಂಸ್ಕೃತದ 'ವಸತಿ'ಯ ತದ್ಭವ. ಬಂದವರಿಗೆ ಇರಲು ಜಾಗ, ಉಣ್ಣಲು ಅನ್ನ. ಈ ಊರಿನ ಅತಿಥಿಸತ್ಕಾರಕ್ಕೆ ಹದಿನೈದು ಶತಮಾನಗಳ ಇತಿಹಾಸವಿದೆ ಎಂದು ಹೆಮ್ಮೆಯಿಂದ ಮುಗಿಸಿದೆ.

ಮುಂದಿನ ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಕೈ ಎತ್ತಿದಳು. "ಅಜ್ಜಾರ, ಆ ನಾಕ ತಿಂಗಳ ಅಡಗಿ ಯಾರ ಮಾಡತಿದ್ರು?"

ಮಕ್ಕಳು ನಕ್ಕರು. ನಾನೂ ನಕ್ಕೆ. ದಾನ ಕೊಟ್ಟ ಅರಸನ ಹೆಸರು ಬಲ್ಲೆ, ದಾನ ಪಡೆದವರಾರೆಂದು ಬಲ್ಲೆ. ನಡುವೆ ಒಲೆಯ ಮುಂದೆ ಕುಳಿತವರು ಯಾರೆಂಬ ಪ್ರಶ್ನೆಯನ್ನು ನಲವತ್ತು ವರ್ಷಗಳ ಅಧ್ಯಯನದಲ್ಲಿ ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಮನೆಯ ಕಡೆ ನಡೆಯುತ್ತಿರುವಾಗ ಆ ಅತಿಥಿಗೃಹದ ಚಿತ್ರದ ಮೂಲೆಯಲ್ಲಿದ್ದ ಒಲೆ ಕಣ್ಣಮುಂದೆ ಬಂದಿತು.

ಆ ಸಂಜೆ ಮನೆಯವರನ್ನು ನೇರವಾಗಿ ಕೇಳಿದೆ: "ನಿಮಗ ಯಾವದು ಬೇಕಿತ್ತು?" ಅವರು ಹಸನು ಮಾಡುತ್ತಿದ್ದ ಅಕ್ಕಿಯ ಮೊರವನ್ನು ಕೆಳಗಿಟ್ಟರು. "ಸಿಟ್ಟಾಗಬ್ಯಾಡ್ರಿ. ನಲವತ್ತ ವರ್ಷದಾಗ ನಾವು ಎಲ್ಲೆಲ್ಲಿ ಹೋದ್ವಿ, ಅಲ್ಲೆಲ್ಲಾ ಒಲಿ ನನ್ನ ಬೆನ್ನ ಹತ್ತಿ ಬಂತ್ರಿ. ಐದ ದಿವಸ ಯಾರರ ಮಾಡಿ ಬಡಿಸಿದ್ದನ್ನ ಕುಂತು ಉಣಬೇಕು ಅಂತ ಆಸೆ. ಅದು ದ್ವೀಪದಾಗ ಆದ್ರೂ ಸರಿ, ದಾಂಡೇಲ್ಯಾಗ ಆದ್ರೂ ಸರಿ."

ಮದುವೆಯ ಹೊಸತರಲ್ಲಿ ಕೂಡಲಸಂಗಮಕ್ಕೆ ಹೋದಾಗ ಸೀಮೆಎಣ್ಣೆಯ ಸ್ಟೋವು ನಮ್ಮ ಚೀಲದಲ್ಲಿತ್ತು. ಉಳವಿಯ ಜಾತ್ರೆಗೆ ಚಕ್ಕಡಿಯಲ್ಲಿ ಹೋದಾಗ ಕಾಡಿನಲ್ಲಿ ಮೂರು ಕಲ್ಲು ಹೂಡಿ ರೊಟ್ಟಿ ಬಡಿದವರು ಅವರು. ಮಗಳ ಬಾಣಂತನಕ್ಕೆ ಅಮೆರಿಕೆಗೆ ಹೋದ ಆರು ತಿಂಗಳೂ ಅದೇ ಕಥೆ. ನಾನು ಎಲ್ಲಿಯೂ ಸರಳವಾಗಿ ಇರಬಲ್ಲೆನೆಂಬ ನನ್ನ ಅಭಿಮಾನಕ್ಕೆ ಅವರ ರಟ್ಟೆಯೇ ಆಧಾರವಾಗಿತ್ತು. ಶರಣರು ಸತಿಪತಿಗಳು ಒಂದಾದ ಭಕ್ತಿಯನ್ನು ಕೊಂಡಾಡಿದರೆಂದು ನೂರಾರು ಸಭೆಗಳಲ್ಲಿ ಮಾತನಾಡಿದವನು ನಾನು. ಹೆಚ್ಚಿಗೆ ತಂದ ಅಕ್ಕಿಯನ್ನು ಮರಳಿ ಸುರಿದು ಬರಲು ಪತಿಗೆ ಹೇಳಿದ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವನ್ನು ಕಣ್ಣಲ್ಲಿ ನೀರು ಬರುವಂತೆ ವಿವರಿಸಿದವನು. ಆ ತಾಯಿಯ ಮಾತನ್ನು ಮಾರಯ್ಯನವರು ಕೇಳಿದರು. ನಾನಾದರೋ ಕೇಳುವ ಮೊದಲೇ ಉತ್ತರ ಕೊಟ್ಟಿದ್ದೆ.

ಆ ರಾತ್ರಿಯೇ ಮಗಳಿಗೆ ದೂರವಾಣಿ ಮಾಡಿ ಮೊದಲಿನ ಮಾತನ್ನು ಹಿಂದೆಗೆದುಕೊಂಡೆ. ಅನಂತರ ಮೂವರೂ ಕೂಡಿ ಹೊಸದಾಗಿ ವಿಚಾರಿಸಿದೆವು. ಗುಡ್ಡದ ವಿಲಾಸಗೃಹವನ್ನು ಮನೆಯವರೇ ಬೇಡವೆಂದರು. ಅಲ್ಲಿ ಕೋಣೆಯಿಂದ ಭೋಜನಶಾಲೆಗೆ ಮೆಟ್ಟಿಲುಗಳ ಸಾಲು. ಅವರಿಗೆ ಮೊಣಕಾಲು ನೋವು. "ಇಬ್ಬರಿಗೆ ಇಷ್ಟ ದೊಡ್ಡ ಕೊಳ ಯಾಕ? ಅದನ್ನ ದಿನಾ ತೊಳೆಯೋರು ಯಾರೋ ಪಾಪ" ಎಂದೂ ಸೇರಿಸಿದರು. ಎಲ್ಲವೂ ಒಂದೇ ದರದ ಹೋಟೆಲಿನಲ್ಲಿ ನಾವು ಕುಡಿಯದ ಮದ್ಯಕ್ಕೂ ತಿನ್ನದ ಮಾಂಸಕ್ಕೂ ಹಣ ತೆರಬೇಕು. ಆದ್ದರಿಂದ ಅದೇ ಉತ್ತರ ದಂಡೆಯಲ್ಲಿ ಕೇವಲ ಉಪಾಹಾರವನ್ನು ಬಾಡಿಗೆಯಲ್ಲಿ ಸೇರಿಸಿರುವ ಒಂದು ಮಧ್ಯಮ ಗಾತ್ರದ, ಆದರೆ ಅಚ್ಚುಕಟ್ಟಾದ ಹೋಟೆಲನ್ನು ಮಗಳು ಹುಡುಕಿದಳು.

ಕಾಲವೂ ನಮಗೆ ಅನುಕೂಲ. ಅಲ್ಲಿ ಡಿಸೆಂಬರಿನ ನಡುವಿನಿಂದ ಏಪ್ರಿಲ್ ನಡುವಿನವರೆಗೆ ಪ್ರವಾಸಿಗರ ದಟ್ಟಣೆ, ದರವೂ ಏರಿಕೆ. ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತಗಳ ಕಾಲ. ನಮ್ಮ ವೈಶಾಖ ಇವೆರಡರ ನಡುವೆ ಬೀಳುತ್ತದೆ. ವಿಮಾನ ಇಳಿಯುವ ಹೆವನೋರಾ ನಿಲ್ದಾಣ ದಕ್ಷಿಣದ ತುದಿಯಲ್ಲಿದೆ. ಉತ್ತರಕ್ಕೆ ತಿರುವುಗಳ ದಾರಿಯಲ್ಲಿ ಸುಮಾರು ಒಂದೂವರೆ ತಾಸಿನ ಪ್ರಯಾಣ. ಹಗಲಿನಲ್ಲಿಯೇ ಇಳಿಯುವ ವಿಮಾನವನ್ನು ಗೊತ್ತುಮಾಡಿದೆವು.

ನಾಲ್ಕು ಪ್ರಶ್ನೆಗಳನ್ನು ಬರೆದು ಕಳುಹಿಸಿದೆವು: ಕೋಣೆ ನೆಲಮಟ್ಟದಲ್ಲಿದೆಯೆ? ಮುಂಜಾನೆ ಪೂಜೆಗೆ ಕೂರಲು ಗದ್ದಲವಿಲ್ಲದ ಮೂಲೆ ಇದೆಯೆ? ಮಾಂಸ, ಮೀನು, ಮೊಟ್ಟೆ ಸೋಂಕದ ಅಡಿಗೆ ದೊರೆಯುವುದೆ? ಸೇವಾಶುಲ್ಕ ಕೆಲಸಗಾರರಿಗೆ ಮುಟ್ಟುವುದೆ? ಇಷ್ಟಲಿಂಗ ಕೊರಳಲ್ಲಿಯೇ ಇರುವುದರಿಂದ ಎರಡನೆಯದು ದೊಡ್ಡ ತೊಡಕಾಗಲಿಲ್ಲ. ಮೂರನೆಯದಕ್ಕೆ ಅಡಿಗೆಯವರಿಂದಲೇ ಉತ್ತರ ಬಂದಿತು. ಅಲ್ಲಿಯ ರಾಷ್ಟ್ರೀಯ ಭಕ್ಷ್ಯ ಬಾಳೆಕಾಯಿ ಮತ್ತು ಉಪ್ಪುಮೀನು. ಮೀನನ್ನು ಬಿಟ್ಟು ಬಾಳೆಕಾಯಿ, ದೀವಿಹಲಸು, ಬೇಳೆಗಳನ್ನು ಬೇರೆ ಪಾತ್ರೆಯಲ್ಲಿ ಮಾಡಿಕೊಡುವುದಾಗಿ ಒಪ್ಪಿದರು.

ಈ ದೀವಿಹಲಸು ಅಲ್ಲಿಯ ಮೂಲದ ಮರವಲ್ಲ. ತೋಟಗಳ ಗುಲಾಮರಿಗೆ ಅಗ್ಗದ ಆಹಾರವಾಗಲೆಂದು 1793ರಲ್ಲಿ ಇಂಗ್ಲಿಷರು ಅದನ್ನು ತಾಹಿತಿಯಿಂದ ಕೆರಿಬಿಯನ್ನಿಗೆ ತಂದರು. ಗುಲಾಮಗಿರಿ ನಿಂತ ಬಳಿಕ, 1859ರಲ್ಲಿ, ಕರಾರಿನ ಕೂಲಿಗಳಾಗಿ ನಮ್ಮ ದೇಶದ ಜನರೂ ಸೇಂಟ್ ಲೂಸಿಯಾದಲ್ಲಿ ಇಳಿದರು. ಕಬ್ಬಿನ ತೋಟಗಳೇ ಅವರ ಪಾಲಿಗೆ ದೊರೆತ ನೆಲ. ಇದನ್ನು ಮನೆಯವರಿಗೆ ಓದಿ ಹೇಳಿದಾಗ, "ಹಂಗಾರ ಅವರ ಮಕ್ಕಳು ಮೊಮ್ಮಕ್ಕಳು ಸಿಕ್ಕರ ಮಾತಾಡಸೋಣ" ಎಂದರು.

ಕೊನೆಗೊಂದು ಆಯ್ಕೆ ಉಳಿಯಿತು. ತೋಟ ಕಾಣುವ ಕೋಣೆಗೆ ದರ ಕಡಿಮೆ, ಸಮುದ್ರ ಕಾಣುವ ಕೋಣೆಗೆ ಹೆಚ್ಚು. ನನ್ನ ಹಳೆಯ ಅಭ್ಯಾಸ ಬಾಯಿಯವರೆಗೆ ಬಂದಿತ್ತು. ತಡೆದುಕೊಂಡು ಅವರ ಮುಖ ನೋಡಿದೆ. "ತೋಟ ಹಿತ್ತಲದಾಗ ಐತಿ" ಎಂದರು. ಸಮುದ್ರ ಕಾಣುವ ಕೋಣೆಯನ್ನೇ ಗೊತ್ತುಮಾಡಿದೆವು. ಹೆಚ್ಚಾದ ದರವನ್ನು ನನ್ನ ನಿವೃತ್ತಿವೇತನದಿಂದ ಕೊಡುವೆನೆಂದು ಮಗಳನ್ನು ಒಪ್ಪಿಸಿದ್ದೇನೆ.

ಸುಖವಸತಿಯನ್ನು ಹೊಗಳಲು ನಾನಿದನ್ನು ಬರೆಯುತ್ತಿಲ್ಲ. ಅದು ಎಲ್ಲರಿಗೂ ಎಟುಕುವುದೂ ಅಲ್ಲ, ಎಟುಕಬೇಕಾದುದೂ ಅಲ್ಲ. ಶರಣಬಂಧುಗಳಲ್ಲಿ ನನ್ನದೊಂದು ಅರಿಕೆ ಇಷ್ಟೇ: ಮಹಾಮನೆಯಾಗಲಿ, ಜಾತ್ರೆಯ ಬಿಡಾರವಾಗಲಿ, ನೆಂಟರ ಮನೆಯಾಗಲಿ, ಹೊರಡುವ ಮೊದಲು ಅಲ್ಲಿ ಒಲೆ ಹೊತ್ತಿಸುವವರು ಯಾರೆಂದು ಮನೆಯಲ್ಲಿ ಒಮ್ಮೆ ಕೇಳಿರಿ. ನಾನು ಈಗ ಮನೆಯವರಿಂದ ರೊಟ್ಟಿ ಬಡಿಯುವುದನ್ನು ಕಲಿಯುತ್ತಿದ್ದೇನೆ. ದುಂಡಗೆ ಇನ್ನೂ ಬರುತ್ತಿಲ್ಲ. ವೈಶಾಖದ ಹೊತ್ತಿಗೆ ಬಂದೀತೆಂದು ಅವರು ಹೇಳುತ್ತಾರೆ.