ಗಣಿಗೆ ಇಳಿದಿದ್ದ ಸೂಪರ್‌ಮ್ಯಾನ್

ಬಾಲ್ಯದಲ್ಲಿ ಇಷ್ಟಪಟ್ಟದ್ದನ್ನು ದೊಡ್ಡವರಾದ ಮೇಲೆ ಹುಡುಕಿಕೊಂಡು ಹೋಗಬಾರದು ಎನ್ನುವವರಿದ್ದಾರೆ. ಹೋದರೆ ಆಗ ದೊಡ್ಡದಾಗಿ ಕಂಡ ಮನೆ ಚಿಕ್ಕದಾಗಿರುತ್ತದೆ, ಮೈದಾನ ಕಿರಿದಾಗಿರುತ್ತದೆ, ಶಾಲೆಯ ಗೇಟಿನ ಬಳಿ ಮಾರುತ್ತಿದ್ದ ಕೆಂಪು ಐಸ್‌ಕ್ಯಾಂಡಿಯಲ್ಲಿ ಬಣ್ಣ ಬಿಟ್ಟರೆ ಬೇರೇನೂ ಇರುವುದಿಲ್ಲ. ಹಳೆಯ ಸೂಪರ್‌ಹೀರೋ ಕಾರ್ಟೂನುಗಳ ವಿಷಯದಲ್ಲೂ ಈ ಮಾತು ನಿಜವೇ? ಬೇಸಿಗೆ ರಜೆಗೆ ಬಂದಿದ್ದ ತಂಗಿಯ ಮಗನ ಜೊತೆ ಕುಳಿತು ಅವನ್ನೆಲ್ಲ ಒಂದೊಂದಾಗಿ ಮತ್ತೆ ನೋಡಿದೆ. ನಲವತ್ತು ದಾಟಿದ ಹೆಂಗಸು, ಅದರಲ್ಲೂ ಕಥೆ ಬರೆಯುವವಳು, ಹುಡುಗನ ಪಕ್ಕ ಕುಳಿತು ಕಾರ್ಟೂನ್ ನೋಡುವುದೆಂದರೆ ಮನೆಯವರಿಗೆ ನಗು. ನಗಲಿ ಎಂದುಕೊಂಡೆ.

ಕಾರ್ಟೂನ್ ಮಕ್ಕಳದ್ದು ಎಂಬ ಮಾತೇ ಇತ್ತೀಚಿನದು. ಬಂಗಾರಪೇಟೆಯ ಉರ್ದು ಶಾಲೆಯಲ್ಲಿ ನಾವು ಕೇಳಿದ ಅಮೀರ್ ಹಮ್ಜಾನ ದಾಸ್ತಾನ್ ಮಕ್ಕಳಿಗಾಗಿ ಹುಟ್ಟಿದ್ದಲ್ಲ. ದೇವ, ಜಿನ್ನ್, ಮಾಯಾನಗರಿ ತುಂಬಿದ ಆ ಕಥೆಯನ್ನು ಅಕ್ಬರ್ ಬಾದಷಹ ಸುಮಾರು 1400 ಚಿತ್ರಗಳಲ್ಲಿ ಬರೆಸಿದ. ಒಂದು ಬದಿ ದೊಡ್ಡ ಚಿತ್ರ, ಇನ್ನೊಂದು ಬದಿ ಬರಹ. ಕೆಲಸ ಮುಗಿಯಲು ಹತ್ತಿರ ಹತ್ತಿರ 15 ವರ್ಷ ಹಿಡಿಯಿತು. ಒಂದು ಸಾಮ್ರಾಜ್ಯವನ್ನು ಆಳುತ್ತಿದ್ದವನಿಗೆ ಇಂಥ ಚಿತ್ರಕಥೆ ಬೇಕಾಗಿತ್ತು ಎಂದರೆ ನನಗೂ ನಿಮಗೂ ಬೇಕಾಗಿದ್ದರೆ ನಾಚಿಕೆ ಏಕೆ? ಆ ದಾಸ್ತಾನಿನಲ್ಲಿ ಹಮ್ಜಾನಿಗಿಂತ ನಮಗೆ ಪ್ರಿಯನಾದವನು ಅಮ್ರೋ ಅಯ್ಯಾರ್. ತೋಳಿನ ಬಲಕ್ಕಿಂತ ತಲೆಯ ಬಲ ನಂಬಿದವನು, ಜಿಪುಣ, ಕಿಲಾಡಿ. ಅವನ ಜಂಬೀಲ್ ಎಂಬ ಚೀಲದಲ್ಲಿ ಇಡೀ ಜಗತ್ತೇ ಹಿಡಿಸುತ್ತಿತ್ತು. ಮುಂದೆ ಕನ್ನಡ ಶಾಲೆಗೆ ಸೇರಿದಾಗ ಬಾಲಮಂಗಳದ ಡಿಂಗ ಸಿಕ್ಕಿದ. ಇಲಿಯೊಂದು ಲೋಕರಕ್ಷಕನಾಗಬಹುದು ಎಂದು ಕಲಿಸಿದವನು ಅವನೇ.

ಟೀವಿಯ ಸೂಪರ್‌ಹೀರೋಗಳನ್ನು ನೋಡಿದ್ದು ಮಾತ್ರ ಮಾಮುವಿನ ಮನೆಯಲ್ಲಿ. ಮಾಮು ಕೆ.ಜಿ.ಎಫ್.ನ ಚಾಂಪಿಯನ್ ರೀಫ್‌ನಲ್ಲಿದ್ದರು, ನೆಲದಡಿಯ ಕೆಲಸ. ಭಾನುವಾರ ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲು ಹತ್ತಿದರೆ ಕೋರಮಂಡಲ್, ಊರಗಾಂ ದಾಟಿ ಚಾಂಪಿಯನ್ನಿನಲ್ಲಿ ಇಳಿಯುತ್ತಿದ್ದೆವು. ಕಿಟಕಿಯಿಂದ ಸೈನೈಡ್ ದಿಬ್ಬಗಳು ಕಾಣುತ್ತಿದ್ದವು. ಚಿನ್ನ ತೆಗೆದು ಉಳಿದ ಬೂದು ಪುಡಿಯ ಗುಡ್ಡಗಳು ಅವು. ಲೈನಿನ ಆ ಪುಟ್ಟ ಮನೆಯಲ್ಲಿ ತಮಿಳು, ತೆಲುಗು, ಉರ್ದು, ಕನ್ನಡ ಮಾತಾಡುವ ಹದಿನೈದು ಮಕ್ಕಳು ಕಪ್ಪುಬಿಳುಪು ಟೀವಿಯ ಮುಂದೆ ಕೂರುತ್ತಿದ್ದೆವು. ದೂರದರ್ಶನದಲ್ಲಿ ಹೀ-ಮ್ಯಾನ್, ಸ್ಪೈಡರ್‌ಮ್ಯಾನ್, ಜೈಂಟ್ ರೋಬೋಟ್. ಅರ್ಧ ಅರ್ಥವಾಗುತ್ತಿತ್ತು, ಉಳಿದರ್ಧ ನಾವೇ ಕಟ್ಟಿಕೊಳ್ಳುತ್ತಿದ್ದೆವು.

ನಡುನಡುವೆ ನೆಲ ಗಡಗಡ ಅನ್ನುತ್ತಿತ್ತು. ಶೆಲ್ಫಿನ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಆಳದಲ್ಲಿ ಬಂಡೆ ಸಿಡಿದಾಗ ಮೇಲಿನ ಊರೇ ನಡುಗುವುದು ಕೆ.ಜಿ.ಎಫ್.ನವರಿಗೆ ಹೊಸದಲ್ಲ. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗಿಂತ ಆಳಕ್ಕೆ ಇಳಿದಿತ್ತು. ಆ ಸದ್ದು ಬಂದಾಗ ಮುಮಾನಿ ಟೀವಿಯ ದನಿ ತಗ್ಗಿಸಿ ಸ್ವಲ್ಪ ಹೊತ್ತು ಬಾಗಿಲಲ್ಲಿ ನಿಲ್ಲುತ್ತಿದ್ದರು. ನಾವು ಮಕ್ಕಳು ಪರದೆಯ ಮೇಲಿನ ಹೊಡೆದಾಟ ತಪ್ಪಿಹೋಯಿತೆಂದು ಗೊಣಗುತ್ತಿದ್ದೆವು. ಮಾಮು ಮನೆಯಲ್ಲಿದ್ದ ದಿನ ಕಟ್ಟಡ ಎತ್ತುವ ವೀರರನ್ನು ನೋಡಿ, "ಇವನನ್ನ ಒಂದು ಶಿಫ್ಟ್ ಕೆಳಗೆ ಇಳಿಸಿ ನೋಡಬೇಕು ಬೇಟಾ, ಆ ಸೆಖೆಗೆ ಮೊದಲು ಮೈಮೇಲಿನ ಚಾದರ ಬಿಚ್ಚಿ ಎಸೀತಾನೆ" ಎನ್ನುತ್ತಿದ್ದರು.

ಈಗ ಮತ್ತೆ ನೋಡಿದಾಗ ಮೊದಲು ಬಿದ್ದುಹೋದವನು ಹೀ-ಮ್ಯಾನ್. ಒಂದೇ ಓಟ, ಒಂದೇ ಏಟು, ಒಂದೇ ನಗು ಪದೇಪದೇ ಬರುತ್ತವೆ. ಫಿಲ್ಮೇಶನ್ ಎಂಬ ಸಂಸ್ಥೆ ಒಂದು ವರುಷಕ್ಕೆ 65 ಕಂತು ತಯಾರಿಸಬೇಕಿತ್ತು, ಹಾಗಾಗಿ ಬರೆದ ಚಿತ್ರಗಳನ್ನೇ ತಿರುತಿರುಗಿ ಬಳಸಿತು. ಇನ್ನೊಂದು ವಿಷಯ ನಮಗಾಗ ಗೊತ್ತಿರಲಿಲ್ಲ. ಗೊಂಬೆ ಅಂಗಡಿಗೆ ಬಂದದ್ದು 1982ರಲ್ಲಿ, ಕಾರ್ಟೂನ್ ಬಂದದ್ದು 1983ರಲ್ಲಿ. ಅಂದರೆ ಸರಕು ಮೊದಲು, ಕಥೆ ಆಮೇಲೆ. ಪ್ರತಿ ಕಂತಿನ ಕೊನೆಗೆ ಹೇಳುವ ನೀತಿಪಾಠ ಆ ಸರಕಿಗೆ ಸುತ್ತಿದ ಬಣ್ಣದ ಕಾಗದದಂತೆ ಕಾಣಿಸಿತು. ನೆನಪಿನ ಹಂಗಿಲ್ಲದಿದ್ದರೆ ಒಂದು ಕಂತನ್ನೂ ಪೂರ್ತಿ ನೋಡಲಾರೆ.

1967ರ ಸ್ಪೈಡರ್‌ಮ್ಯಾನ್ ಇದಕ್ಕಿಂತಲೂ ಬಡವ. ಖರ್ಚು ಉಳಿಸಲು ಅವನ ಉಡುಪಿನ ಬಲೆಯ ಗೆರೆಗಳನ್ನೇ ಬಹುಪಾಲು ಬಿಟ್ಟಿದ್ದಾರೆ. ಆದರೂ ಅವನು ಬಿದ್ದುಹೋಗಲಿಲ್ಲ. ಲೋಕವನ್ನು ಉಳಿಸಿ ಬಂದ ಹುಡುಗ ಪತ್ರಿಕಾ ಕಚೇರಿಗೆ ಹೋಗಿ, ತಾನು ತೆಗೆದ ಫೋಟೋಗೆ ಎಷ್ಟು ಕೊಡುತ್ತೀರಿ ಎಂದು ಸಂಪಾದಕನ ಮುಂದೆ ನಿಲ್ಲುತ್ತಾನೆ. ಸಂಪಾದಕ ಬೈಯುತ್ತಾನೆ. ಬರೆದು ಬದುಕಲು ನೋಡಿದ ಯಾರಿಗಾದರೂ ಈ ದೃಶ್ಯ ಹಳತಾಗುವುದಿಲ್ಲ.

ಕಣ್ಣಿಗೆ ಹಬ್ಬವಾದದ್ದು ಇವೆರಡಕ್ಕಿಂತ ಹಳೆಯ ಚಿತ್ರಗಳು, 1941ರಿಂದ 1943ರವರೆಗೆ ಬಂದ ಸೂಪರ್‌ಮ್ಯಾನ್. ಒಟ್ಟು 17 ಕಿರುಚಿತ್ರ. ಶುರು ಮಾಡಿದವರು ಫ್ಲೈಷರ್ ಸಹೋದರರು. ಚಿತ್ರಮಂದಿರದಲ್ಲಿ ದೊಡ್ಡವರೂ ಮಕ್ಕಳೂ ಒಟ್ಟಿಗೆ ನೋಡಲೆಂದು, ಸಾಮಾನ್ಯ ಕಾರ್ಟೂನಿಗಿಂತ ಹೆಚ್ಚು ಹಣ ಸುರಿದು ಮಾಡಿದವು. ಕತ್ತಲೆಯ ಬೀದಿ, ಉದ್ದನೆಯ ನೆರಳು, ಲೋಹದ ಹೊಳಪು. ಸೂಪರ್‌ಮ್ಯಾನ್ ಭಾರ ಎತ್ತಿದರೆ ಆ ಭಾರ ನಮ್ಮ ಭುಜಕ್ಕೂ ತಾಗುತ್ತದೆ. ಇಂದಿನ ಕಂಪ್ಯೂಟರ್ ಚಿತ್ರಗಳಲ್ಲಿ ಊರಿಗೆ ಊರೇ ಕುಸಿದರೂ ಯಾವುದಕ್ಕೂ ತೂಕವಿಲ್ಲ. ಇಲ್ಲಿ ಒಂದು ರೈಲು ಡಬ್ಬಿಗೂ ತೂಕವಿದೆ.

ಆದರೆ ದೊಡ್ಡವರು ನೋಡುವಾಗ ಕಣ್ಣಿನ ಜೊತೆ ಬೇರೆ ಏನೋ ಕೂಡ ನೋಡುತ್ತದೆ. 1942ರ ಒಂದು ಚಿತ್ರದಲ್ಲಿ ಅಮೆರಿಕದ ಮೂಲನಿವಾಸಿ ವಿಜ್ಞಾನಿಯೊಬ್ಬ ಪತ್ರಿಕಾ ಕಚೇರಿಗೆ ಬಂದು, ಮ್ಯಾನ್‌ಹಟನ್ ನನ್ನ ಜನರದ್ದು, ಹಿಂದಿರುಗಿಸಿ ಎನ್ನುತ್ತಾನೆ. ಯಾರೂ ಕಿವಿಗೊಡುವುದಿಲ್ಲ. ಆಗ ಅವನು ನೀರಿನಡಿಯ ಯಂತ್ರದಿಂದ ಭೂಕಂಪ ಎಬ್ಬಿಸುತ್ತಾನೆ, ಸೂಪರ್‌ಮ್ಯಾನ್ ಬಂದು ತಡೆಯುತ್ತಾನೆ. ಚಿತ್ರ ಮುಗಿದ ಮೇಲೆ ಹುಡುಗ ಕೇಳಿದ, "ಖಾಲಾ, ಭೂಕಂಪ ಮಾಡಿದ್ದು ತಪ್ಪು. ಆದ್ರೆ ಜಾಗ ಅವರದ್ದೇ ತಾನೇ? ಅದನ್ನ ಯಾರೂ ಹೇಳಲೇ ಇಲ್ಲ." ನೆಲದ ಕಂಪನದ ಸದ್ದು ಕೇಳಿ ಬೆಳೆದ ನನಗೆ ಆ ಪ್ರಶ್ನೆ ಬಹಳ ದಿನ ಕಾಡಿತು. ಕೆಡುಕನ ಯಂತ್ರವನ್ನು ಒಡೆದದ್ದಾಯಿತು. ಅವನ ಅಹವಾಲು ಎಲ್ಲಿ ಹೋಯಿತು?

ಅದೇ ವರ್ಷದ ಇನ್ನೊಂದು ಚಿತ್ರದಲ್ಲಿ ಅಮೆರಿಕದಲ್ಲಿರುವ ಜಪಾನೀಯರು ವಿಧ್ವಂಸಕರು. ಹೆಸರಿನಲ್ಲೇ ಹೀಗಳಿಕೆ. ಸರಿಯಾಗಿ ಆ ಹೊತ್ತಿನಲ್ಲೇ ಸುಮಾರು 1,20,000 ಜಪಾನಿ ಮೂಲದ ಜನರನ್ನು ಅಮೆರಿಕ ಶಿಬಿರಗಳಲ್ಲಿ ಕೂಡಿಹಾಕಿತ್ತು. ಅವರಲ್ಲಿ ಬಹುಪಾಲು ಜನ ಅಲ್ಲೇ ಹುಟ್ಟಿದ ನಾಗರಿಕರು. ಕೆಲವೇ ನಿಮಿಷದ ಚಿತ್ರವೊಂದು ಒಂದು ಸಮುದಾಯವನ್ನು ಜೈಲಿಗೆ ಹಾಕಲಾರದು ನಿಜ. ಆದರೆ ಹಾಕಿದಾಗ ನೆರೆಯವರು ಸುಮ್ಮನಿರುವಂತೆ ಮಾಡಬಲ್ಲದು. ಪರದೆಯ ಮೇಲೆ ಗಡ್ಡ, ಟೋಪಿ ಕಂಡ ಕೂಡಲೇ ಮುಂದಿನದು ಏನೆಂದು ಊಹಿಸಲು ಕಲಿತಿರುವ ನಮ್ಮಂಥವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1992ರ ಅಲಾದ್ದೀನ್ ಚಿತ್ರದ ಆರಂಭದ ಹಾಡಿನಲ್ಲಿ ಅರಬರನ್ನು ಕ್ರೂರಿಗಳೆಂದು ಬಣ್ಣಿಸಿದ್ದ ಸಾಲುಗಳನ್ನು ಅಲ್ಲಿನ ಅರಬ್ ಸಮುದಾಯ ಪ್ರತಿಭಟಿಸಿದ ಮೇಲೆ 1993ರಲ್ಲಿ ಬದಲಾಯಿಸಿದರು. ಕೇಳಿದ್ದರಿಂದ ಬದಲಾಯಿತು, ತಾನಾಗಿ ಅಲ್ಲ.

ಸೋಜಿಗವೆಂದರೆ ಸೂಪರ್‌ಮ್ಯಾನ್ ಹುಟ್ಟಿದ್ದೇ ಹೀಗಲ್ಲ. ಅವನನ್ನು ಸೃಷ್ಟಿಸಿದ ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ವಲಸೆ ಬಂದ ಯಹೂದಿ ಕುಟುಂಬಗಳ ಮಕ್ಕಳು. 1938ರಲ್ಲಿ ಬಂದ ಅವನ ಮೂರನೆಯ ಕಥೆ ಒಂದು ಗಣಿಯದು. ಗಣಿ ಕುಸಿದು ಕಾರ್ಮಿಕನೊಬ್ಬ ಸಿಕ್ಕಿಹಾಕಿಕೊಳ್ಳುತ್ತಾನೆ. ಮಾಲೀಕ ತನ್ನದೇನೂ ಹೊಣೆಯಿಲ್ಲ ಎನ್ನುತ್ತಾನೆ. ಸೂಪರ್‌ಮ್ಯಾನ್ ಗಣಿ ಕಾರ್ಮಿಕನ ವೇಷ ಹಾಕಿ, ಮಾಲೀಕನೂ ಅವನ ಔತಣಕ್ಕೆ ಬಂದ ಸಿರಿವಂತ ಅತಿಥಿಗಳೂ ಮೋಜಿಗೆಂದು ಗಣಿಗೆ ಇಳಿದಾಗ ದಾರಿ ಮುಚ್ಚಿಬಿಡುತ್ತಾನೆ. ಅಪಾಯದ ಗಂಟೆ ಬಾರಿಸಲು ಹೋದರೆ ಅದು ತುಕ್ಕು ಹಿಡಿದಿದೆ. ಒಡವೆ ತೊಟ್ಟವರು ಕೈಯಲ್ಲಿ ಗುದ್ದಲಿ ಹಿಡಿದು ಬೆವರಿದ ಮೇಲೆ ಮಾಲೀಕನಿಗೆ ಬುದ್ಧಿ ಬರುತ್ತದೆ. ಈ ಕಥೆ ಓದಿದಾಗ ಮಾಮುವಿನ ಮಾತು ನೆನಪಾಯಿತು. ಒಂದು ಶಿಫ್ಟ್ ಕೆಳಗೆ ಇಳಿಸಿ ನೋಡಿ ಎಂದಿದ್ದರು. ಅವರು ಹುಟ್ಟುವ ಮೊದಲೇ ಅವನು ಇಳಿದಿದ್ದ!

ನಾಲ್ಕು ವರ್ಷ ಕಳೆಯುವುದರೊಳಗೆ, 1942ರ ಜನವರಿಯ ಕಾರ್ಟೂನಿನಲ್ಲಿ, ಅದೇ ಸೂಪರ್‌ಮ್ಯಾನ್ ನೂರು ಕೋಟಿ ಡಾಲರಿನ ಚಿನ್ನ ತುಂಬಿದ ರೈಲನ್ನು ಕಳ್ಳರಿಂದ ಕಾಪಾಡಿ, ಬರಿಗೈಯಲ್ಲಿ ಎಳೆದು ಟಂಕಸಾಲೆಗೆ ಮುಟ್ಟಿಸುತ್ತಾನೆ. ಎಷ್ಟು ಚೆಂದದ ಚಿತ್ರ ಅದು! ಆದರೆ ಗಣಿಗೆ ಇಳಿದವನಿಂದ ಚಿನ್ನದ ಕಾವಲಿಗೆ ಬಂದ ಈ ದಾರಿ ಚಿನ್ನದೂರಿನವರ ಕಣ್ಣು ತಪ್ಪಲಾರದು. ನಮ್ಮ ಗಣಿಗಳಿಂದ 120 ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ ಬಂತು. ಶಿವನಸಮುದ್ರದ ವಿದ್ಯುತ್ 1902ರಲ್ಲಿ ಬೆಂಗಳೂರಿಗಿಂತ ಮೊದಲು ಈ ಗಣಿಗಳಿಗೆ ಹರಿಯಿತು. ಬೆಳಕು ಬೇಕಾಗಿದ್ದದ್ದು ಚಿನ್ನಕ್ಕೆ. ಕಲ್ಲಿನ ಧೂಳು ಶ್ವಾಸಕೋಶ ಸೇರಿ ಕೆಮ್ಮುವ ಸಿಲಿಕೋಸಿಸ್ ಮಾತ್ರ ಗಣಿಗಿಳಿದವರ ಪಾಲಿಗೆ ಬಂತು.

ವಯಸ್ಸಿನ ಜೊತೆ ಬೆಳೆದದ್ದು ಒಂದು ಕಾರ್ಟೂನ್. 1992ರ ಬ್ಯಾಟ್‌ಮ್ಯಾನ್ ಸರಣಿಯಲ್ಲಿ ಪಾಲ್ ಡಿನಿ ಬರೆದ ಮಿಸ್ಟರ್ ಫ್ರೀಜ್ ಕಥೆ. ಕಂಪನಿಯ ವಿಜ್ಞಾನಿಯೊಬ್ಬ ಕಾಯಿಲೆಯ ಹೆಂಡತಿಯನ್ನು ಉಳಿಸಲು ಅವಳನ್ನು ಹಿಮದ ಪೆಟ್ಟಿಗೆಯಲ್ಲಿಟ್ಟು ಪ್ರಯೋಗ ಮಾಡುತ್ತಿರುತ್ತಾನೆ. ಖರ್ಚು ಹೆಚ್ಚಾಯಿತೆಂದು ಮಾಲೀಕ ಬಂದು ನಿಲ್ಲಿಸುತ್ತಾನೆ. ತಳ್ಳಾಟದಲ್ಲಿ ರಸಾಯನ ಬಿದ್ದು ವಿಜ್ಞಾನಿಯ ಮೈ ಶಾಶ್ವತವಾಗಿ ತಣ್ಣಗಾಗುತ್ತದೆ, ಬೆಚ್ಚನೆಯ ಗಾಳಿಯೇ ಅವನಿಗೆ ವಿಷ. ಆ ಮಾಲೀಕನಿಗೆ ಊರಿನವರು ಮಾನವೀಯತೆಯ ಪ್ರಶಸ್ತಿ ಕೊಡುತ್ತಿದ್ದಾರೆ! ಬ್ಯಾಟ್‌ಮ್ಯಾನ್ ಸೇಡಿಗೆ ಹೊರಟ ವಿಜ್ಞಾನಿಯನ್ನು ತಡೆಯುತ್ತಾನೆ. ಆದರೆ ಅಲ್ಲಿಗೇ ಬಿಡುವುದಿಲ್ಲ. ಮಾಲೀಕ ಮಾಡಿದ್ದರ ವಿಡಿಯೋ ದಾಖಲೆಯನ್ನು ವರದಿಗಾರ್ತಿಯ ಕೈಗೆ ಕೊಟ್ಟು ಹೋಗುತ್ತಾನೆ. ಇಪ್ಪತ್ತೆರಡು ನಿಮಿಷದಲ್ಲಿ ಒಂದು ಒಳ್ಳೆಯ ಸಣ್ಣಕಥೆ ಮಾಡಬೇಕಾದದ್ದನ್ನೆಲ್ಲ ಇದು ಮಾಡಿದೆ. ತಪ್ಪು ಮಾಡಿದವನನ್ನು ತಡೆಯಿತು, ಅವನ ನೋವನ್ನು ಅಳಿಸಲಿಲ್ಲ.

2018ರಲ್ಲಿ ಬಂದ ಕೆ.ಜಿ.ಎಫ್. ಸಿನಿಮಾ ನಮ್ಮೂರಿಗೂ ಒಬ್ಬ ಸೂಪರ್‌ಹೀರೋನನ್ನು ಕೊಟ್ಟಿತು. ಅದೇ ಸೈನೈಡ್ ದಿಬ್ಬಗಳ ಮೇಲೆ ಚಿತ್ರೀಕರಣ. ಜನ ದಿಬ್ಬ ನೋಡಲು ಬರತೊಡಗಿದರು. ಸಿನಿಮಾದ ಗಣಿಯಲ್ಲಿ ಕಾರ್ಮಿಕರು ಕಾಪಾಡುವವನಿಗಾಗಿ ಕಾಯುವ ಗುಲಾಮರು. ನಿಜವಾದ ಕೆ.ಜಿ.ಎಫ್. ಹಾಗಿರಲಿಲ್ಲ. ಬೆರಳಚ್ಚು ಒತ್ತಬೇಕೆಂಬ ನಿಯಮ ಬಂದಾಗ, 1930ರಲ್ಲಿ, ಸಾವಿರಾರು ಕಾರ್ಮಿಕರು ಒಟ್ಟಾಗಿ ಕೆಲಸ ನಿಲ್ಲಿಸಿದ್ದರು. ಅವರಲ್ಲಿ ಹೆಚ್ಚಿನವರು ತಮಿಳುನಾಡಿನಿಂದ ಬಂದ ದಲಿತರು. ಯಾರೂ ಹಾರಿ ಬರಲಿಲ್ಲ, ಅವರೇ ಎದ್ದು ನಿಂತರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗಲೂ ಯಾರೂ ಹಾರಿ ಬರಲಿಲ್ಲ. ಅಲ್ಲಿಂದ ಈಚೆಗೆ ಅಲ್ಲಿನ ಮಕ್ಕಳು ನಸುಕಿನಲ್ಲೇ ರೈಲು ಹಿಡಿದು, ನಮ್ಮ ಬಂಗಾರಪೇಟೆ ದಾಟಿ, ಬೆಂಗಳೂರಿಗೆ ದುಡಿಯಲು ಹೋಗಿಬರುತ್ತಾರೆ. ಕೆಲಸದ ಹೊತ್ತಿಗಿಂತ ರೈಲಿನ ಹೊತ್ತಿನ ಮಾತೇ ಅವರಿಗೆ ಹೆಚ್ಚು.

ಹಾಗಾದರೆ ಹಳೆಯ ಕಾರ್ಟೂನುಗಳು ದೊಡ್ಡವರ ಕಣ್ಣಿಗೆ ನಿಲ್ಲುತ್ತವೆಯೇ? ಎಲ್ಲವೂ ನಿಲ್ಲುವುದಿಲ್ಲ, ಎಲ್ಲವೂ ಬೀಳುವುದೂ ಇಲ್ಲ. ಗೊಂಬೆ ಮಾರಲು ಮಾಡಿದ್ದು ಗೊಂಬೆಯೊಂದಿಗೇ ಹಳತಾಯಿತು. ಕೈಕೆಲಸ ಗಟ್ಟಿಯಾಗಿದ್ದದ್ದು ಎಂಬತ್ತು ವರ್ಷ ಕಳೆದರೂ ಹೊಳೆಯುತ್ತಿದೆ. ಆದರೆ ಕೈಕೆಲಸದ ಗಟ್ಟಿತನ ಅದರ ಹಗೆತನವನ್ನೂ ಅಷ್ಟೇ ಗಟ್ಟಿಯಾಗಿ ಕಾಪಿಟ್ಟಿದೆ. ಅವನ್ನು ಮಕ್ಕಳಿಂದ ಮುಚ್ಚಿಡಬೇಕು ಎನ್ನುವವಳಲ್ಲ ನಾನು. ಪಕ್ಕದಲ್ಲಿ ಕೂತು ನೋಡಬೇಕು, ಅವರು ಕೇಳುವ ಪ್ರಶ್ನೆಗೆ ಟೀವಿಯ ದನಿ ತಗ್ಗಿಸಬೇಕು, ಅಷ್ಟೆ. ಹೀರೋ ಎಷ್ಟು ಎತ್ತರ ಹಾರಿದ ಎಂಬುದು ಮಕ್ಕಳ ಅಳತೆ, ಅದು ಅವರಿಗಿರಲಿ. ಕೆಡುಕ ಎಂದು ತೋರಿಸಿದವನಿಗೆ ಒಂದು ಮನೆ, ಒಂದು ಕಾರಣ, ಒಂದು ಮಾತು ಕೊಟ್ಟಿದ್ದಾರೆಯೇ ಎಂಬುದು ನಮ್ಮ ಅಳತೆ. ಆ ಅಳತೆಗೆ ನಿಂತ ಕಾರ್ಟೂನ್ ಯಾವ ವಯಸ್ಸಿನವರಿಗೂ ಚಿಕ್ಕದಲ್ಲ.